ಓಡುತ್ತಾ ಓಡುತ್ತಾ ಆಫ್ ಆಗುವ ಹಳೆ ಕಾರು: ದೋಷ ಹಿಡಿಯುವುದು ಹೇಗೆ?

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಯಾರೋ ಕೀ ತಿರುಗಿಸಿದ ಹಾಗೆ ಇಂಜಿನ್ ಬಂದ್. ರಸ್ತೆ ಪಕ್ಕ ಹತ್ತಿಪ್ಪತ್ತು ನಿಮಿಷ ನಿಂತು ಮತ್ತೆ ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೇನೋ ಎಂಬಂತೆ ಸ್ಟಾರ್ಟ್ ಆಗಿಬಿಡುತ್ತದೆ. ಮೆಕ್ಯಾನಿಕ್ ಹತ್ತಿರ ಒಯ್ದರೆ ಇಡೀ ದಿನ ಒಂದು ಸಲವೂ ಆಫ್ ಆಗುವುದಿಲ್ಲ.

ಇಂಜೆಕ್ಷನ್ (ಕಾರಿನೊಳಗಿನ ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್ ಎಂಬ ಸಣ್ಣ ಮೂತಿಗಳು ಪೆಟ್ರೋಲ್ ಚಿಮ್ಮಿಸುವ ಏರ್ಪಾಡು) ಇರುವ ಹಳೆ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಈ ಕಾಟ ಹೊಸದಲ್ಲ. ನನ್ನ ಕಾರು ಎಂಟು ತಿಂಗಳು ಹೀಗೆ ಕಾಡಿತ್ತು. ಪ್ಲಗ್ ಬದಲಾಯಿತು, ಫಿಲ್ಟರ್ ಬದಲಾಯಿತು, ಪೆಟ್ರೋಲ್ ಪಂಪೂ ಬದಲಾಯಿತು. ಪ್ರತಿ ಸಲ ಒಂದು ವಾರ ಸುಮ್ಮನಿದ್ದು ಮತ್ತೆ ಶುರು. ಒಮ್ಮೆ ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ, ಹಿಂದೆಯೇ ಲಾರಿ ಬರುತ್ತಿದ್ದ ಹೊತ್ತಿನಲ್ಲಿ ಆಫ್ ಆಯಿತು. ಆ ದಿನದ ಭಯ ಇನ್ನೂ ನೆನಪಿದೆ. ಕೊನೆಗೆ ಸಿಕ್ಕಿದ ದೋಷ ಇಷ್ಟೇ: ಒಂದು ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಒಳಗಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು.

ಅದನ್ನು ಹುಡುಕುವಾಗ ನನಗೆ ಅರ್ಥವಾದದ್ದು ಒಂದೇ ಸಂಗತಿ. ಕಾರು ಓಡುತ್ತಿರುವಾಗ ಪರೀಕ್ಷೆ ಮಾಡಿದರೆ ಎಲ್ಲ ಭಾಗಗಳೂ ಸರಿಯಾಗಿಯೇ ಕಾಣುತ್ತವೆ. ಆಗ ಅವು ನಿಜವಾಗಿಯೂ ಸರಿಯಾಗಿಯೇ ಇರುತ್ತವೆ! ದೋಷ ಬಂದು ಹೋಗುವುದು ಇಂಜಿನ್ ನಿಂತ ಆ ಕೆಲವು ನಿಮಿಷಗಳಲ್ಲಿ ಮಾತ್ರ. ಆ ನಿಮಿಷಗಳಲ್ಲಿ ಏನು ನೋಡಬೇಕು, ಏನು ಕೇಳಿಸಿಕೊಳ್ಳಬೇಕು ಅಂತ ಮೊದಲೇ ತಯಾರಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಈ ಲೇಖನ ಪೂರ್ತಿ ಆ ತಯಾರಿಯ ಬಗ್ಗೆ. ಡೀಸೆಲ್ ಗಾಡಿಗಳ ದಾರಿ ಬೇರೆ, ಅದನ್ನು ಇಲ್ಲಿ ಮುಟ್ಟುತ್ತಿಲ್ಲ.

ಆಫ್ ಆದ ಕ್ಷಣ ಮೊದಲು ಮಾಡಬೇಕಾದದ್ದು

ಪರೀಕ್ಷೆ ಆಮೇಲೆ. ಮೊದಲು ಗಾಡಿಯನ್ನು ಕ್ಷೇಮವಾಗಿ ಬದಿಗೆ ತನ್ನಿ. ಇಂಜಿನ್ ನಿಂತ ತಕ್ಷಣ ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ. ಆದರೆ ತಿರುಗುವುದೇ ಇಲ್ಲ ಎಂದಲ್ಲ, ಎರಡೂ ಕೈಯಲ್ಲಿ ಬಲ ಹಾಕಿದರೆ ತಿರುಗುತ್ತದೆ. ಬ್ರೇಕ್ ಬೂಸ್ಟರ್‌ನಲ್ಲಿ ಒಂದೆರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ. ಹಾಗಾಗಿ ಪೆಡಲನ್ನು ಪದೇ ಪದೇ ತುಳಿಯಬೇಡಿ. ಒಂದೇ ಸಲ ಒತ್ತಿ ಹಿಡಿಯಿರಿ. ಗಾಡಿ ಇನ್ನೂ ಉರುಳುತ್ತಿರುವಾಗ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ನಾಲ್ಕೂ ಇಂಡಿಕೇಟರ್ ಹಾಕಿ, ಉರುಳುವ ವೇಗದಲ್ಲೇ ಬದಿಗೆ ಬನ್ನಿ.

ಆಫ್ ಆಗುವುದು ಜಾಸ್ತಿಯಾಗಿದ್ದರೆ, ದೋಷ ಸಿಗುವವರೆಗೆ ಹೆದ್ದಾರಿಗೆ ಹೋಗಲೇಬೇಡಿ. ಈ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು.

ಒಂದು ಸಣ್ಣ ನೋಟ್‌ಬುಕ್ ಇಡಿ

ಮುಂದಿನ ನಾಲ್ಕೈದು ಸಲ ಆಫ್ ಆದಾಗ ಕೆಲವು ವಿಷಯ ಬರೆದಿಟ್ಟುಕೊಳ್ಳಿ. ಇಂಜಿನ್ ಬಿಸಿಯಾಗಿತ್ತೇ, ತಣ್ಣಗಿತ್ತೇ? ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು? ವೇಗವಾಗಿ ಹೋಗುತ್ತಿದ್ದಿರೋ, ನಿಂತಿದ್ದಿರೋ? ಎಸಿ ಹಾಕಿತ್ತೇ? ಮಳೆ ಬಂದಿತ್ತೇ? ಗುಂಡಿಗೆ ಇಳಿದಾಗ ಆಯಿತೋ, ತಿರುವಿನಲ್ಲೋ? ಮತ್ತೆ ಸ್ಟಾರ್ಟ್ ಆಗಲು ಎಷ್ಟು ನಿಮಿಷ ಹಿಡಿಯಿತು?

ಇದು ಸುಮ್ನೆ ಬರೆಯುವ ಕೆಲಸ ಅಲ್ಲ. ಈ ಉತ್ತರಗಳೇ ಹುಡುಕುವ ಜಾಗವನ್ನು ಕಡಿಮೆ ಮಾಡುತ್ತವೆ. ಗುಂಡಿಗೆ ಬಿದ್ದಾಗಲೇ ಆಫ್ ಆದರೆ ಸಡಿಲವಾದ ವೈರು, ರಿಲೇ, ಕನೆಕ್ಟರ್ ಕಡೆ ನೋಡಬೇಕು. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ತಿರುವುಗಳಲ್ಲಿ ಆದರೆ ಟ್ಯಾಂಕಿನೊಳಗಿನ ಪಂಪ್ ಗಾಳಿ ಎಳೆಯುತ್ತಿರಬಹುದು. ಮಳೆಯಲ್ಲಿ ಮಾತ್ರ ಆದರೆ ಪ್ಲಗ್ ವೈರು, ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಮಾಡುವ ಭಾಗ), ಡಿಸ್ಟ್ರಿಬ್ಯೂಟರ್ (ಅದನ್ನು ಒಂದೊಂದೇ ಪ್ಲಗ್‌ಗೆ ಹಂಚುವ ಭಾಗ) ಕ್ಯಾಪ್ ಮೇಲೆ ಅನುಮಾನ. ಅವನ್ನು ಕತ್ತಲಲ್ಲಿ ನೋಡಿ. ಇಂಜಿನ್ ಚಾಲೂ ಇಟ್ಟು, ಕೈ ದೂರವಿಟ್ಟು, ನೀರನ್ನು ಮಂಜಿನಂತೆ ಸ್ವಲ್ಪ ಚಿಮುಕಿಸಿದರೆ ಕರೆಂಟ್ ಸೋರುವ ಕಡೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ಬಿಸಿಯಾದ ಮೇಲೆ ಆಫ್ ಆಗಿ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವುದು ತುಂಬ ಕಾಣುವ ತೊಂದರೆ. ಅದರ ಕಥೆ ಮುಂದೆ ಬರುತ್ತದೆ.

ಹೇಗೆ ನಿಂತಿತು ಎಂಬುದೇ ದೊಡ್ಡ ಸುಳಿವು

ಇಂಜಿನ್ ನಿಲ್ಲುವ ಬಗೆ ಮುಖ್ಯವಾಗಿ ಮೂರು.

ಒಂದು, ಪಟ್ ಅಂತ ನಿಲ್ಲುವುದು. ಜರ್ಕ್ ಇಲ್ಲ, ಮಿಸ್ ಹೊಡೆಯುವುದಿಲ್ಲ. ಇಂಥದ್ದರಲ್ಲಿ ಬಹುಪಾಲು ಕರೆಂಟಿನ ದೋಷ. ಕಿಡಿ ಹೋಗಿದೆ, ಇಲ್ಲವೇ ಕಿಡಿ ಮತ್ತು ಇಂಜೆಕ್ಟರ್ ಎರಡೂ ಒಟ್ಟಿಗೆ ಹೋಗಿವೆ.

ಎರಡು, ಬಾಯಾರಿದಂತೆ ನಿಲ್ಲುವುದು. ಮೊದಲು ಪಿಕಪ್ ಕಡಿಮೆಯಾಗುತ್ತದೆ, ಎರಡು ಮೂರು ಸಲ ಜಗ್ಗುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಸೋಲುತ್ತದೆ, ಆಮೇಲೆ ಆಫ್. ಇದು ಪೆಟ್ರೋಲ್ ಸಾಲದ ಲಕ್ಷಣ.

ಮೂರು, ಓಡುವಾಗ ಏನೂ ತೊಂದರೆ ಇಲ್ಲ, ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್‌ಗೆ ಹಾಕಿದಾಗ ಮಾತ್ರ ಆರ್‌ಪಿಎಂ ಇಳಿದು ಆಫ್. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಿಡಿದರೆ ನಿಲ್ಲುವುದಿಲ್ಲ. ಇದು ಹೆಚ್ಚಾಗಿ ಗಾಳಿಯ ದಾರಿಯ ತೊಂದರೆ.

ಇದರ ಜೊತೆಗೆ ಡ್ಯಾಶ್‌ಬೋರ್ಡ್ ನೋಡಿ. ಇಂಜಿನ್ ನಿಂತಾಗ ಆಯಿಲ್ ಮತ್ತು ಬ್ಯಾಟರಿ ದೀಪ ಹೊತ್ತಿಕೊಳ್ಳಬೇಕು. ಅವೂ ಹೊತ್ತದೆ ಎಲ್ಲ ಕತ್ತಲಾದರೆ ಕರೆಂಟ್ ಬುಡದಲ್ಲೇ ಕಡಿದಿದೆ. ಅಂದರೆ ಬ್ಯಾಟರಿ ಟರ್ಮಿನಲ್, ದೊಡ್ಡ ಫ್ಯೂಸ್ ಅಥವಾ ಇಗ್ನಿಷನ್ ಸ್ವಿಚ್.

ಆರ್‌ಪಿಎಂ ಮುಳ್ಳು ಇನ್ನೂ ಒಳ್ಳೆಯ ಸಾಕ್ಷಿ. ಗೇರ್‌ನಲ್ಲಿ ಓಡುತ್ತಿರುವಾಗ ಆಫ್ ಆಯಿತು ಅಂದುಕೊಳ್ಳಿ. ಕ್ಲಚ್ ಒತ್ತದಿದ್ದರೆ ಚಕ್ರಗಳೇ ಇಂಜಿನನ್ನು ತಿರುಗಿಸುತ್ತಿರುತ್ತವೆ. ಆದರೂ ಮುಳ್ಳು ಸೊನ್ನೆಗೆ ಬಿದ್ದರೆ, ಇಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಕಂಪ್ಯೂಟರಿಗೆ ತಲುಪುತ್ತಿಲ್ಲ ಅಥವಾ ಕಾಯಿಲ್ ಕಡೆಯ ಕರೆಂಟ್ ಹೋಗಿದೆ. ಮುಳ್ಳು ಇಂಜಿನ್ ಜೊತೆಗೇ ನಿಧಾನವಾಗಿ ಇಳಿದರೆ ಪೆಟ್ರೋಲ್ ಕಡೆ ತಿರುಗಿ.

ಕೈಯಿಂದ ಆಗುವ ಕೆಲಸ ಮೊದಲು

ಯಾವ ಭಾಗವನ್ನೂ ಕೊಳ್ಳುವ ಮೊದಲು ಒಂದು ಮಧ್ಯಾಹ್ನ ಇದಕ್ಕೆ ಕೊಡಿ. ಹಳೆ ಗಾಡಿಗಳ ಎಷ್ಟೋ ಕಾಯಿಲೆ ಇಲ್ಲೇ ವಾಸಿಯಾಗುತ್ತವೆ.

ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಕಿಲುಬು ಉಜ್ಜಿ ತೆಗೆದು ಬಿಗಿ ಮಾಡಿ. ಆದರೆ ಸ್ಕ್ಯಾನರ್ ಸಿಗುವಂತಿದ್ದರೆ ಮೊದಲು ಕೋಡ್ (ಕಂಪ್ಯೂಟರ್ ಗುರುತಿಟ್ಟ ದೋಷದ ಸಂಖ್ಯೆ) ಓದಿಸಿಕೊಳ್ಳಿ. ಬ್ಯಾಟರಿ ಬಿಚ್ಚಿದರೆ ಕಂಪ್ಯೂಟರಿನ ನೆನಪು ಅಳಿಸಿಹೋಗುತ್ತದೆ, ಒಳ್ಳೆಯ ಸುಳಿವು ಕೈತಪ್ಪುತ್ತದೆ. ಇಂಜಿನ್ ಚಾಲೂ ಇರುವಾಗ ಮಾತ್ರ ಯಾವ ಕಾರಣಕ್ಕೂ ಟರ್ಮಿನಲ್ ಬಿಚ್ಚಬೇಡಿ. ಆಲ್ಟರ್ನೇಟರ್ ಪರೀಕ್ಷೆ ಅಂತ ಹೀಗೆ ಮಾಡುವ ಹಳೆ ಅಭ್ಯಾಸ ಕೆಲವರಿಗೆ ಇದೆ. ಆಗ ಏರುವ ವೋಲ್ಟೇಜಿಗೆ ಕಂಪ್ಯೂಟರೇ ಸುಟ್ಟುಹೋಗಬಹುದು.

ಆಮೇಲೆ ಅರ್ಥ್ ವೈರುಗಳು. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಇಂಜಿನ್‌ಗೆ, ಕಂಪ್ಯೂಟರ್‌ನಿಂದ ಇಂಜಿನ್ ಅಥವಾ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಬಂದು ಬೋಲ್ಟ್ ಆಗಿರುವ ಸಣ್ಣ ವೈರುಗಳು. ಒಂದೊಂದನ್ನೂ ಬಿಚ್ಚಿ, ಸ್ಯಾಂಡ್‌ಪೇಪರಿನಿಂದ ಉಜ್ಜಿ, ಹೊಳೆಯುವ ಲೋಹಕ್ಕೆ ಲೋಹ ತಾಗುವಂತೆ ಬಿಗಿ ಮಾಡಿ. ಅರ್ಥ್ ಸರಿಯಿದೆಯೇ ಅಂತ ನೋಡಲು ಮಲ್ಟಿಮೀಟರ್ ಇದ್ದರೆ ಸಾಕು. ಇಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಇಂಜಿನ್ ಮೈಗೆ ಹಿಡಿಯಿರಿ. 0.2 ವೋಲ್ಟ್‌ಗಿಂತ ಕಡಿಮೆ ತೋರಿಸಬೇಕು. ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕಿದೆ. ಹಾಗೆಯೇ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಅಳೆದರೆ ಸಾಮಾನ್ಯವಾಗಿ 13.8 ರಿಂದ 14.5 ವೋಲ್ಟ್ ಇರಬೇಕು.

ಈಗ ಅಲುಗಾಡಿಸುವ ಪರೀಕ್ಷೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಇಂಜಿನ್ ಬಿಟ್ಟು ಫ್ಯೂಸ್ ಬಾಕ್ಸ್, ರಿಲೇಗಳು, ಸೆನ್ಸರ್ ಕನೆಕ್ಟರ್‌ಗಳು, ವೈರಿನ ಕಟ್ಟು, ಒಂದೊಂದನ್ನೂ ಮೆಲ್ಲಗೆ ಅಲುಗಾಡಿಸಿ. ರಿಲೇಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್ ಟಕ್ ಅಂತ ತಟ್ಟಿ. ಇಂಜಿನ್ ತೊದಲಿದರೆ ಅಥವಾ ನಿಂತರೆ ದೋಷ ಕೈಗೇ ಸಿಕ್ಕಿದಂತೆ. ಫ್ಯಾನ್, ಬೆಲ್ಟ್, ಪ್ಲಗ್ ವೈರುಗಳ ಹತ್ತಿರ ಕೈ ಹೋಗಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಚಾಲೂ ಇರುವ ಇಂಜಿನ್ನಿನ ಇಗ್ನಿಷನ್ ಭಾಗಗಳ ಹತ್ತಿರ ಹೋಗದೇ ಇರುವುದು ಒಳ್ಳೆಯದು.

ಕೀಯನ್ನೂ ಅಲುಗಾಡಿಸಿ ನೋಡಿ. ಹತ್ತಾರು ಕೀಗಳ ಗೊಂಚಲು ವರ್ಷಗಟ್ಟಲೆ ನೇತಾಡಿದರೆ ಇಗ್ನಿಷನ್ ಸ್ವಿಚ್ ಒಳಗಿನ ಕಾಂಟ್ಯಾಕ್ಟ್‌ಗಳು ಸವೆಯುತ್ತವೆ. ಗುಂಡಿಗೆ ಇಳಿದಾಗ ಆ ಗೊಂಚಲು ಜಗ್ಗಿದರೆ ಅಷ್ಟಕ್ಕೇ ಕರೆಂಟ್ ಕಡಿಯುತ್ತದೆ. ಒಂದು ವಾರ ಒಂದೇ ಕೀ ಹಾಕಿ ಓಡಿಸಿ ನೋಡಿ. ಎಷ್ಟು ಸುಲಭದ ಪರೀಕ್ಷೆ, ಅಲ್ವಾ?

ಆಮೇಲೆ ಹೊರಗಿನಿಂದ ಕೂರಿಸಿದ ಕಳ್ಳತನದ ಅಲಾರ್ಮ್ ಇದ್ದರೆ ಅದರ ವೈರಿಂಗ್. ಇಂಥ ಅಲಾರ್ಮ್‌ಗಳು ಇಗ್ನಿಷನ್ ಅಥವಾ ಪೆಟ್ರೋಲ್ ಪಂಪಿನ ವೈರನ್ನು ನಡುವೆ ಕತ್ತರಿಸಿ ತಮ್ಮ ರಿಲೇ ಮೂಲಕ ಹಾಯಿಸುತ್ತವೆ. ವೈರು ತಿರುಚಿ ಮೇಲೆ ಟೇಪ್ ಸುತ್ತಿದ ಜೋಡಣೆ ಕಂಡರೆ, ಅಲ್ಲಿಂದಲೇ ಹುಡುಕಾಟ ಶುರು ಮಾಡುವವನು ನಾನು.

ಕೋಡ್ ಓದುವುದು

ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ, ಯೂರೋಪಿನಲ್ಲಿ 2001ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಒಂದೇ ಬಗೆಯ 16 ಪಿನ್ನಿನ ಸಾಕೆಟ್ ಬಂತು. ಸ್ಟೀರಿಂಗ್ ಕೆಳಗೆ ಅದು ಸಿಕ್ಕಿದರೆ ಸಾಮಾನ್ಯ ಸ್ಕ್ಯಾನರ್ ಸಾಕು. ಅದಕ್ಕಿಂತ ಹಳೆಯ ಹಲವು ಕಾರುಗಳಲ್ಲಿ ಎರಡು ಪಿನ್ ಕೂಡಿಸಿದರೆ ಚೆಕ್ ಇಂಜಿನ್ ದೀಪ ಮಿನುಗಿ ಕೋಡ್ ಹೇಳುತ್ತದೆ. ಯಾವ ಪಿನ್ ಎಂಬುದು ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಅಂದಾಜಿನಲ್ಲಿ ಕೂಡಿಸಬೇಡಿ.

ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರಿನ (ಇಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಕಂಪ್ಯೂಟರಿಗೆ ಕೊಡುವ ಭಾಗ) ದಾರಿ, ಪಿ0340 ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರಿನದು, ಪಿ0505 ಐಡ್ಲಿಂಗ್ ನಿಯಂತ್ರಣದ್ದು. ಪಿ0171 ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದರ್ಥ. ಆದರೆ ಕೋಡ್ ಹೇಳುವುದು ಬೀದಿಯ ಹೆಸರು ಮಾತ್ರ, ಮನೆ ಸಂಖ್ಯೆ ಅಲ್ಲ. ಕ್ರ್ಯಾಂಕ್ ಸೆನ್ಸರ್ ಕೋಡ್ ಬಂದರೆ ಸೆನ್ಸರೂ ಆಗಿರಬಹುದು, ಅದರ ವೈರೂ ಆಗಿರಬಹುದು, ಕನೆಕ್ಟರ್ ಒಳಗಿನ ತುಕ್ಕೂ ಆಗಿರಬಹುದು. ಕೋಡೇ ಇಲ್ಲದಿದ್ದರೆ ಬೇಸರ ಬೇಡ. ಪಂಪಿನ ರಿಲೇ ಕೈಕೊಟ್ಟರೆ ಹಳೆಯ ಎಷ್ಟೋ ಕಂಪ್ಯೂಟರ್‌ಗಳಿಗೆ ಅದು ಗೊತ್ತೇ ಆಗುವುದಿಲ್ಲ.

ಮೂರು ಬಲ್ಬಿನ ಉಪಾಯ

ನನ್ನ ಕಾರಿನ ದೋಷ ಹಿಡಿದುಕೊಟ್ಟದ್ದು ಇದೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

12 ವೋಲ್ಟ್‌ಗೆ ನೇರವಾಗಿ ಹಾಕಬಹುದಾದ, ರೆಸಿಸ್ಟರ್ ಒಳಗೇ ಇರುವ ಮೂರು ಸಣ್ಣ ಎಲ್‌ಇಡಿ ದೀಪ ತೆಗೆದುಕೊಳ್ಳಿ. ಬೇರೆ ಬೇರೆ ಬಣ್ಣದವಾದರೆ ಒಳ್ಳೆಯದು. ಮೊದಲನೆಯದರ ವೈರನ್ನು ಮೇನ್ ರಿಲೇ ಕಂಪ್ಯೂಟರಿಗೆ ಕರೆಂಟ್ ಕಳಿಸುವ ವೈರಿಗೆ ಜೋಡಿಸಿ. ಎರಡನೆಯದು ಇಗ್ನಿಷನ್ ಕಾಯಿಲ್‌ನ ಪ್ಲಸ್‌ಗೆ. ಮೂರನೆಯದು ಪೆಟ್ರೋಲ್ ಪಂಪಿಗೆ ಹೋಗುವ ಪ್ಲಸ್ ವೈರಿಗೆ. ಮೂರರ ಇನ್ನೊಂದು ತುದಿ ಬಾಡಿಗೆ ಅರ್ಥ್. ಪ್ರತಿ ವೈರಿಗೂ ಅದು ಹೊರಡುವ ಕಡೆಯೇ 1 ಆಂಪಿಯರ್ ಫ್ಯೂಸ್ ಹಾಕಿ. ವೈರು ಉಜ್ಜಿ ಸಿಪ್ಪೆ ಹೋದರೂ ಆಗ ಬೆಂಕಿಯ ಭಯ ಇರುವುದಿಲ್ಲ. ಸೈಲೆನ್ಸರ್ ಪೈಪಿನಿಂದ ದೂರ ಹಾಯಿಸಿ. ಏರ್‌ಬ್ಯಾಗ್ ವೈರುಗಳನ್ನು ಮುಟ್ಟಲೇಬೇಡಿ. ಅವು ಬಹುತೇಕ ಗಾಡಿಗಳಲ್ಲಿ ಹಳದಿ ಕನೆಕ್ಟರ್ ಅಥವಾ ಹಳದಿ ಕವಚದಲ್ಲಿ ಇರುತ್ತವೆ. ಸೆನ್ಸರ್‌ಗಳ ಸಿಗ್ನಲ್ ವೈರಿಗೂ ದೀಪ ಜೋಡಿಸಬೇಡಿ, ಸಿಗ್ನಲ್ ಕೆಡುತ್ತದೆ.

ಮೂರೂ ದೀಪಗಳನ್ನು ಆರ್‌ಪಿಎಂ ಮೀಟರಿನ ಪಕ್ಕ ಅಂಟಿಸಿ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮೀಟರೂ ದೀಪಗಳೂ ಒಟ್ಟಿಗೆ ಕಾಣುವಂತೆ ವಿಡಿಯೊ ಬಿಡಿ. ನಿಮ್ಮ ಕಣ್ಣು ರಸ್ತೆಯ ಮೇಲೇ ಇರಲಿ. ದೀಪ ನೋಡುವ ಕೆಲಸ ಫೋನಿನದು.

ಈಗ ಆಫ್ ಆದ ಮೇಲೆ ಬದಿಗೆ ನಿಂತು ವಿಡಿಯೊ ನೋಡಿ. ಮೂರೂ ದೀಪ ಒಟ್ಟಿಗೆ ಆರಿದರೆ ಇಗ್ನಿಷನ್ ಸ್ವಿಚ್ ಅಥವಾ ಬ್ಯಾಟರಿಯ ದಾರಿ. ಕಾಯಿಲ್ ದೀಪ ಉರಿಯುತ್ತಿದ್ದು ಮೇನ್ ರಿಲೇಯ ದೀಪ ಆರಿದರೆ ಆ ರಿಲೇ, ಅದರ ಫ್ಯೂಸ್, ಅದರ ಸಾಕೆಟ್ ನೋಡಿ. ಕಾಯಿಲಿಗೂ ಮೇನ್ ರಿಲೇಯಿಂದಲೇ ಕರೆಂಟ್ ಬರುವ ಗಾಡಿಗಳೂ ಇವೆ, ವೈರಿಂಗ್ ಚಿತ್ರ ಒಮ್ಮೆ ನೋಡಿಕೊಳ್ಳಿ.

ಪಂಪಿನ ದೀಪದ ವಿಷಯದಲ್ಲಿ ಮಾತ್ರ ಎಚ್ಚರ. ಇಂಜಿನ್ ತಿರುಗುವುದು ನಿಂತರೆ ಒಂದೆರಡು ಸೆಕೆಂಡಿನಲ್ಲಿ ಕಂಪ್ಯೂಟರ್ ತಾನೇ ಪಂಪನ್ನು ಆಫ್ ಮಾಡುತ್ತದೆ. ಅಪಘಾತವಾದರೆ ಪೆಟ್ರೋಲ್ ಚೆಲ್ಲಬಾರದು ಅಂತ ಹಾಗೆ ಮಾಡಿರುತ್ತಾರೆ. ಹಾಗಾಗಿ ಇಂಜಿನ್ ನಿಂತ ಮೇಲೆ ಪಂಪ್ ದೀಪ ಆರಿದರೆ ಅದು ದೋಷವಲ್ಲ. ಯಾವುದು ಮೊದಲು ಎಂಬುದೇ ಮುಖ್ಯ. ದೀಪ ಮೊದಲು ಆರಿ, ಆಮೇಲೆ ಮುಳ್ಳು ಇಳಿಯಿತೇ? ಪಂಪಿನ ರಿಲೇ ಅಥವಾ ಅದರ ವೈರು. ಮುಳ್ಳು ಮೊದಲು ಸೊನ್ನೆಗೆ ಬಿದ್ದು ಒಂದೆರಡು ಸೆಕೆಂಡಿನ ಮೇಲೆ ದೀಪ ಆರಿತೇ? ಕ್ರ್ಯಾಂಕ್ ಸೆನ್ಸರ್. ಇಂಜಿನ್ ಸೋಲುತ್ತಾ ಸೋಲುತ್ತಾ ನಿಲ್ಲುವಷ್ಟು ಹೊತ್ತೂ ಮೂರು ದೀಪ ಉರಿಯುತ್ತಲೇ ಇದ್ದವೇ? ಹಾಗಾದರೆ ಪಂಪಿಗೆ ಕರೆಂಟ್ ಹೋಗುತ್ತಿದೆ, ಪೆಟ್ರೋಲ್ ಬರುತ್ತಿಲ್ಲ.

ನನ್ನ ಕಾರಿನಲ್ಲಿ ಮುಳ್ಳು ಇಳಿಯುವುದಕ್ಕಿಂತ ಒಂದು ಕ್ಷಣ ಮೊದಲೇ ಮೂರನೆಯ ದೀಪ ಆರಿತ್ತು. ಎಂಟು ತಿಂಗಳ ಹುಡುಕಾಟ ಆ ಒಂದು ವಿಡಿಯೊದಲ್ಲಿ ಮುಗಿಯಿತು. ರಿಲೇಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ನೋಡಿದಾಗ ಒಂದು ಪಿನ್ನಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಬಿರುಕು ಕಂಡಿತು. ಕಾರಿನ ಒಳಗೆ ಬಿಸಿಲಿನ ಶಾಖ ಏರಿದಾಗ ಬಿರುಕು ಬಾಯಿ ಬಿಡುತ್ತಿತ್ತು, ಆರಿದಾಗ ಕೂಡುತ್ತಿತ್ತು.

ನಿಂತ ಆ ಹತ್ತು ನಿಮಿಷ

ದೀಪ ಹಾಕುವುದು ಕಷ್ಟ ಅನ್ನಿಸಿದರೆ ಇದನ್ನಾದರೂ ಮಾಡಿ. ಬದಿಗೆ ನಿಂತ ಕೂಡಲೇ ಪದೇ ಪದೇ ಸೆಲ್ಫ್ ಹೊಡೆಯಬೇಡಿ. ಕೀ ಆಫ್ ಮಾಡಿ, ಕಿಟಕಿ ಮುಚ್ಚಿ, ರೇಡಿಯೊ ನಿಲ್ಲಿಸಿ, ಮತ್ತೆ ಆನ್ ಮಾಡಿ. ಸೆಲ್ಫ್ ಬೇಡ, ಆನ್ ಮಾತ್ರ. ಹಿಂಬದಿ ಟ್ಯಾಂಕಿನ ಕಡೆಯಿಂದ ಸುಮಾರು 2 ಸೆಕೆಂಡ್ ಗುಂಯ್ ಅನ್ನುವ ಸದ್ದು ಬರಬೇಕು. ಅದು ಪಂಪ್ ಒತ್ತಡ ಕಟ್ಟುವ ಸದ್ದು. ಕೀ ಹಾಕಿದಾಗ ಈ ಸದ್ದು ಬಾರದ ಗಾಡಿಗಳೂ ಇವೆ. ಫ್ಲ್ಯಾಪ್ ಇರುವ ಹಳೆಯ ಏರ್‌ಫ್ಲೋ ಮೀಟರಿನ (ಇಂಜಿನ್ ಒಳಗೆ ಹೋಗುವ ಗಾಳಿ ಅಳೆಯುವ ಭಾಗ) ಹಲವು ಕಾರುಗಳಲ್ಲಿ ಸೆಲ್ಫ್ ಹೊಡೆದಾಗಲೇ ಪಂಪ್ ಓಡುವುದು. ನಿಮ್ಮ ಗಾಡಿ ಹೇಗೆ ಅಂತ ಸರಿಯಿರುವ ದಿನವೇ ಕೇಳಿಸಿಕೊಂಡಿರಿ.

ಆಮೇಲೆ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ಸರಿಯಿರುವ ದಿನ ಅದು ಸೆಲ್ಫ್ ಹೊಡೆಯುವಾಗ ಸ್ವಲ್ಪ ಮೇಲೇಳುತ್ತಿದ್ದು, ಇವತ್ತು ಅಲುಗಾಡದಿದ್ದರೆ ಕ್ರ್ಯಾಂಕ್ ಸಿಗ್ನಲ್ ಇಲ್ಲ.

ಮೂರನೆಯದು ಕಿಡಿ. ಇದಕ್ಕೆ ಸ್ಪಾರ್ಕ್ ಟೆಸ್ಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಪ್ಲಗ್ ವೈರನ್ನು ಅದಕ್ಕೆ ಸಿಕ್ಕಿಸಿ, ಕ್ಲಿಪ್ಪನ್ನು ಇಂಜಿನ್ ಲೋಹಕ್ಕೆ ಹಿಡಿಸಿ, ಒಬ್ಬರು ಸೆಲ್ಫ್ ಹೊಡೆದರೆ ಇನ್ನೊಬ್ಬರು ದೂರದಿಂದ ನೋಡಬೇಕು. ವೈರನ್ನು ಕೈಯಲ್ಲಿ ಹಿಡಿದು ನೋಡುವ ಸಾಹಸ ಬೇಡವೇ ಬೇಡ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಿಡಿಯ ಪರೀಕ್ಷೆಯನ್ನೇ ಬಿಟ್ಟುಬಿಡಿ.

ಕಿಡಿ ಇಲ್ಲ, ಪಂಪಿನ ಸದ್ದು ಇದೆ. ಕಿಡಿ ಇದೆ, ಪಂಪ್ ಸುಮ್ಮನಿದೆ. ಎರಡೂ ಇಲ್ಲ. ಈ ಮೂರರಲ್ಲಿ ಯಾವುದು ಎಂಬುದನ್ನು ಬರೆದುಕೊಂಡರೆ ಮುಂದಿನ ದಾರಿ ತಾನೇ ತೆರೆದುಕೊಳ್ಳುತ್ತದೆ.

ಕಿಡಿ ಇಲ್ಲದಿದ್ದರೆ

ಬಿಸಿಗೆ ನಿಂತು ತಂಪಿಗೆ ಏಳುವ ಗಾಡಿಯಲ್ಲಿ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್. ಅದರೊಳಗೆ ಕೂದಲಿನಂಥ ತಾಮ್ರದ ತಂತಿಯ ಸುರುಳಿ ಇರುತ್ತದೆ. ವರ್ಷಗಟ್ಟಲೆ ಇಂಜಿನ್ ಶಾಖ ತಿಂದು ಎಲ್ಲೋ ಒಂದು ಕಡೆ ತುಂಡಾಗಿರುತ್ತದೆ. ತಣ್ಣಗಿರುವಾಗ ತುದಿಗಳು ತಾಗಿಕೊಂಡಿರುತ್ತವೆ, ಬಿಸಿಗೆ ದೂರವಾಗುತ್ತವೆ.

ಪರೀಕ್ಷೆ ಸುಲಭ. ಕಾರು ನಿಂತಾಗ ಸೆನ್ಸರಿಗೆ ಮಾತ್ರ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿಯಿರಿ. ಎಂದಿನಂತೆ 20 ನಿಮಿಷ ಕಾಯದೆ 2 ನಿಮಿಷಕ್ಕೇ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ. ಮನೆಯಲ್ಲಿ ಇದನ್ನೇ ತಿರುಗಿಸಿ ಮಾಡಬಹುದು. ತಣ್ಣಗಿನ ಇಂಜಿನ್ ಚಾಲೂ ಮಾಡಿ, ಕೂದಲು ಒಣಗಿಸುವ ಡ್ರೈಯರ್‌ನಿಂದ ಸೆನ್ಸರಿಗೆ ಬಿಸಿ ಗಾಳಿ ಊದಿ. ಆಗ ನಿಂತರೆ ಅನುಮಾನ ಗಟ್ಟಿಯಾಗುತ್ತದೆ.

ಎರಡು ವೈರಿನ ಸೆನ್ಸರ್ ಆದರೆ ಓಮ್ ಅಳೆಯಬಹುದು. ಹೆಚ್ಚಿನವು 200 ರಿಂದ 1500 ಓಮ್ ಒಳಗೆ ಇರುತ್ತವೆ. ತಣ್ಣಗಿರುವಾಗ ಅಳೆದು ಸುಮ್ಮನಾಗಬೇಡಿ, ಬಿಸಿಯಲ್ಲಿ ನಿಂತ ಕೂಡಲೇ ಮತ್ತೆ ಅಳೆಯಿರಿ. ಮೀಟರ್ ಆಗ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಮೂರು ವೈರು ಇದ್ದರೆ ಅದು ಹೆಚ್ಚಾಗಿ ಹಾಲ್ ಸೆನ್ಸರ್ (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಬಗೆ). ಅದಕ್ಕೆ ಓಮ್ ಮೀಟರ್ ಹಿಡಿಯಬಾರದು, ಅದಕ್ಕೆ ಬರುವ ವೋಲ್ಟೇಜ್ ಮತ್ತು ಅರ್ಥ್ ಮಾತ್ರ ನೋಡಿ. ಸೆನ್ಸರನ್ನು ಬಿಚ್ಚಿದಾಗ ಅದರ ಮೂತಿಯನ್ನೂ ನೋಡಿ. ಅದು ಆಯಸ್ಕಾಂತ, ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೆ ಸಿಗ್ನಲ್ ಹದಗೆಡುತ್ತದೆ.

ಸೆನ್ಸರ್ ಸರಿ ಇದ್ದರೆ ಇಗ್ನಿಷನ್ ಮಾಡ್ಯೂಲ್ (ಕಾಯಿಲ್‌ನ ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಭಾಗ) ಮತ್ತು ಕಾಯಿಲ್ ನೋಡಿ. ಇವೂ ಬಿಸಿಗೆ ಸೋಲುವವೇ. ಒದ್ದೆ ಬಟ್ಟೆಯ ಪರೀಕ್ಷೆ ಇವಕ್ಕೂ ನಡೆಯುತ್ತದೆ, ಆದರೆ ಕೀ ಆಫ್ ಇರಬೇಕು ಮತ್ತು ಸೆಲ್ಫ್ ಹೊಡೆಯುವ ಮೊದಲು ಒಣಗಿಸಬೇಕು. ಲೋಹದ ತಟ್ಟೆಯ ಮೇಲೆ ಕೂತಿರುವ ಮಾಡ್ಯೂಲ್ ಆದರೆ ಅಡಿಯಲ್ಲಿರುವ ಬಿಳಿ ಪೇಸ್ಟ್ ಒಣಗಿದೆಯೇ ನೋಡಿ. ಆ ಪೇಸ್ಟೇ ಅದರ ಶಾಖವನ್ನು ಹೊರಗೆ ಸಾಗಿಸುವುದು.

ಪೆಟ್ರೋಲ್ ಬರದಿದ್ದರೆ

ಮೊದಲು ಟ್ಯಾಂಕ್ ಮುಚ್ಚಳ. ನಿಂತ ಕೂಡಲೇ ತೆರೆಯಿರಿ. ಜೋರಾಗಿ ಬುಸ್ ಅಂತ ಗಾಳಿ ಒಳಗೆ ನುಗ್ಗಿ, ಆಮೇಲೆ ಕಾರು ಸ್ಟಾರ್ಟ್ ಆದರೆ ಟ್ಯಾಂಕಿಗೆ ಉಸಿರಾಡುವ ದಾರಿ ಕಟ್ಟಿದೆ. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಗಾಳಿ ಬರಬೇಕು. ಬರದಿದ್ದರೆ ಪಂಪ್ ಎಳೆಯಲಾರದೆ ಸೋಲುತ್ತದೆ.

ಪಂಪಿನ ಸದ್ದೇ ಬರದಿದ್ದರೆ ಒಬ್ಬರು ಕೀ ಆನ್ ಮಾಡುತ್ತಿರಲಿ, ಇನ್ನೊಬ್ಬರು ಟ್ಯಾಂಕಿನ ಅಡಿಗೆ ರಬ್ಬರ್ ಸುತ್ತಿಗೆಯಿಂದ ಒಂದೆರಡು ಏಟು ಕೊಡಲಿ. ತಕ್ಷಣ ಪಂಪ್ ಎದ್ದರೆ ಅದರ ಬ್ರಷ್ ಸವೆದಿದೆ, ಬದಲಿಸುವುದೇ ಸರಿ. ಏಳದಿದ್ದರೆ ಪಂಪಿನ ಕನೆಕ್ಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಪಂಪ್ ಓಡುವಾಗ ಬ್ಯಾಟರಿಗಿಂತ ಅರ್ಧ ವೋಲ್ಟ್‌ನಷ್ಟು ಕಡಿಮೆ ಇದ್ದರೆ ಪರವಾಗಿಲ್ಲ. ಎರಡು ಮೂರು ವೋಲ್ಟ್ ಕಡಿಮೆ ಇದ್ದರೆ ಹೊಸ ಪಂಪ್ ಹಾಕಿದರೂ ಪ್ರಯೋಜನವಿಲ್ಲ, ವೈರೋ ಅರ್ಥೋ ರಿಲೇ ಸಾಕೆಟ್ಟೋ ಕರೆಂಟನ್ನು ತಿನ್ನುತ್ತಿದೆ.

ಪಂಪ್ ಓಡುತ್ತಿದ್ದೂ ಇಂಜಿನ್ ಬಾಯಾರುತ್ತಿದ್ದರೆ ಪ್ರೆಶರ್ ಗೇಜ್ ಬೇಕು. ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್ ಇರುವ ಹಳೆ ಗಾಡಿಗಳಲ್ಲಿ ಸಾಮಾನ್ಯವಾಗಿ 2.5 ರಿಂದ 3 ಬಾರ್ ಒತ್ತಡ. ಥ್ರಾಟಲ್ ಬಾಡಿಯ (ಆಕ್ಸಿಲರೇಟರ್ ಒತ್ತಿದಂತೆ ಇಂಜಿನ್‌ಗೆ ಗಾಳಿ ಬಿಡುವ ಭಾಗ) ಮೇಲೇ ಒಂದೋ ಎರಡೋ ಇಂಜೆಕ್ಟರ್ ಇರುವ ಗಾಡಿಯಲ್ಲಿ ಸುಮಾರು 1 ಬಾರ್ ಅಷ್ಟೆ. ನಿಮ್ಮ ಕಾರಿನ ನಿಖರ ಸಂಖ್ಯೆಯನ್ನು ಸರ್ವಿಸ್ ಪುಸ್ತಕದಲ್ಲೇ ನೋಡಿ. ಗೇಜ್ ಜೋಡಿಸುವ ಮೊದಲು ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ. ತಣ್ಣಗಿನ ಇಂಜಿನ್ ಮೇಲೆ, ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಈ ಕೆಲಸ ಮಾಡಿ. ಅಭ್ಯಾಸ ಇಲ್ಲದವರು ಇದೊಂದನ್ನು ಬಲ್ಲವರ ಕೈಗೆ ಬಿಡಿ. ಪೆಟ್ರೋಲ್ ಹಾಯುವ ಪೈಪನ್ನು ಎಂದೂ ಕಾರಿನ ಒಳಗೆ ತರಬೇಡಿ.

ಒತ್ತಡ ಮೊದಲು ಸರಿಯಿದ್ದು ಹೋಗ್ತಾ ಹೋಗ್ತಾ ಇಳಿದರೆ ಫಿಲ್ಟರ್ ಅಥವಾ ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ. ಕಸ ಜಾಲರಿಗೆ ಅಂಟಿ ಇಂಜಿನ್ ನಿಲ್ಲುತ್ತದೆ, ನಿಂತ ಮೇಲೆ ಕಸ ಕೆಳಗೆ ಉದುರುತ್ತದೆ, ಮತ್ತೆ ಸ್ಟಾರ್ಟ್ ಆಗುತ್ತದೆ. ಇದನ್ನೂ ಜನ ಬಿಸಿಯ ದೋಷ ಅಂದುಕೊಂಡು ಮೋಸ ಹೋಗುತ್ತಾರೆ. ಪೆಟ್ರೋಲ್ ಒತ್ತಡವನ್ನು ಹದದಲ್ಲಿಡುವ ಪ್ರೆಶರ್ ರೆಗ್ಯುಲೇಟರಿಗೆ ಬರುವ ಸಣ್ಣ ವ್ಯಾಕ್ಯೂಮ್ ಪೈಪನ್ನೂ ಎಳೆದು ನೋಡಿ. ಅದರಲ್ಲಿ ಪೆಟ್ರೋಲ್ ಹಸಿ ಕಂಡರೆ ರೆಗ್ಯುಲೇಟರಿನ ಪರದೆ ಹರಿದಿದೆ.

ಐಡ್ಲಿಂಗ್‌ನಲ್ಲಿ ಮಾತ್ರ ನಿಂತರೆ

ಥ್ರಾಟಲ್ ಬಾಡಿಯ ಚಿಟ್ಟೆಯ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ಸುತ್ತ ಮತ್ತು ಐಡ್ಲಿಂಗ್ ವಾಲ್ವ್‌ನಲ್ಲಿ ಕಪ್ಪು ಮಸಿ ಕಟ್ಟಿದ್ದರೆ ಕ್ಲೀನರ್ ಹಾಕಿ ತೊಳೆಯಿರಿ. ಮುಕ್ಕಾಲು ಪಾಲು ಅಲ್ಲಿಗೇ ಸರಿಹೋಗುತ್ತದೆ ಎಂಬುದು ನನ್ನ ಅನುಭವ.

ಸರಿಹೋಗದಿದ್ದರೆ ಗಾಳಿ ಸೋರಿಕೆ ಹುಡುಕಿ. ಏರ್‌ಫ್ಲೋ ಮೀಟರಿನಿಂದ ಥ್ರಾಟಲ್‌ವರೆಗಿನ ದೊಡ್ಡ ರಬ್ಬರ್ ಪೈಪನ್ನು ಕೈಯಲ್ಲಿ ಬಗ್ಗಿಸಿ ಅದರ ಮಡಿಕೆಗಳ ಒಳಗೆ ನೋಡಿ. ಇಂಜಿನ್ ಮೌಂಟಿಂಗ್ ಸಡಿಲವಿದ್ದರೆ ಗೇರ್ ಬಿದ್ದಾಗ ಇಂಜಿನ್ ವಾಲುತ್ತದೆ, ಆಗ ಮಾತ್ರ ಬಿರುಕು ಬಾಯಿ ತೆರೆಯುತ್ತದೆ. ನಿಂತಾಗ ನೋಡಿದರೆ ಪೈಪ್ ಗಟ್ಟಿಯಾಗಿಯೇ ಕಾಣುತ್ತದೆ.

ಬಿಸಿ ಇಂಜಿನ್ ಕಪ್ಪು ಹೊಗೆ ಬಿಟ್ಟು ನಿಲ್ಲುತ್ತಿದ್ದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಅಳೆಯಿರಿ. ಹೆಚ್ಚಿನ ಕಾರುಗಳಲ್ಲಿ 20 ಡಿಗ್ರಿಯಲ್ಲಿ 2 ರಿಂದ 3 ಸಾವಿರ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ಬಿಸಿಯಲ್ಲೂ ಸಾವಿರಗಟ್ಟಲೆ ತೋರಿಸಿದರೆ, ಇಂಜಿನ್ ಇನ್ನೂ ತಣ್ಣಗಿದೆ ಎಂದು ನಂಬಿ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಸರಿಯಾಯಿತು ಎನ್ನುವ ಮೊದಲು

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಎರಡು ಮೂರು ಒಟ್ಟಿಗೆ ಹಾಕಿದರೆ ದೋಷ ಯಾವುದರಲ್ಲಿ ಇತ್ತು ಎಂಬುದು ಗೊತ್ತೇ ಆಗುವುದಿಲ್ಲ. ತೆಗೆದ ಹಳೆಯ ಭಾಗವನ್ನು ಎಸೆಯಬೇಡಿ, ದೋಷ ಮತ್ತೆ ಬಂದರೆ ಅದನ್ನೇ ವಾಪಸ್ ಹಾಕಬಹುದು.

ಆಮೇಲೆ ನೋಟ್‌ಬುಕ್ ತೆಗೆಯಿರಿ. ಕಾರು ಯಾವ ಸಂದರ್ಭದಲ್ಲಿ ನಿಲ್ಲುತ್ತಿತ್ತೋ ಅದೇ ಸಂದರ್ಭ ಮತ್ತೆ ತನ್ನಿ. ಅದೇ ಬಿಸಿಲು, ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್, ಅಂಥದೇ ಗುಂಡಿಯ ರಸ್ತೆ. ವಾರಕ್ಕೆ ಒಮ್ಮೆ ನಿಲ್ಲುತ್ತಿದ್ದ ಗಾಡಿಯಾದರೆ ಒಂದು ತಿಂಗಳಾದರೂ ಹೀಗೆ ಓಡಿಸಿ ನೋಡಬೇಕು. ಅಲ್ಲಿಯವರೆಗೆ ಆ ಮೂರು ದೀಪಗಳು ಮೀಟರ್ ಪಕ್ಕದಲ್ಲೇ ಇರಲಿ.